ಆಮದಾರ ಆಗ್ತೇನೆ ಅಂದ ಅಳಿಯನಿಗೆ

ಮಾಟುಂಗಾ, ಮುಂಬಯಿ

ಪ್ರೀತಿಯ ಅಳಿಯ,

ನಿನ್ನಮ್ಮ ಫೋನಿನಲ್ಲಿ ಅತ್ತಳು. ಬ್ಯಾಂಕಿನ ಕೆಲಸ ಬಿಟ್ಟು ಆಮದಾರರೊಬ್ಬರ, ಅಂದರೆ ಶಾಸಕರೊಬ್ಬರ, ಹಿಂದೆ ತಿರುಗುತ್ತೀಯಂತೆ, ಮುಂದೆ ನೀನೂ ಆಮದಾರ ಆಗುತ್ತೀಯಂತೆ. ಬೇಡ ಅನ್ನುವವನಲ್ಲ ನಾನು. ನಿನಗೆ 25 ತುಂಬಿದೆ, ಕಾನೂನಿಗೆ ಅಷ್ಟು ಸಾಕು.

ಆದರೆ 22 ವರ್ಷ ಆಮದಾರರ ಕಚೇರಿಯಲ್ಲಿ ಟೈಪ್ ಮಾಡಿದವನು ನಾನು ಮಾರಾಯ. ಬೆಳಿಗ್ಗೆ ಏಳಕ್ಕೇ ಬಾಗಿಲಲ್ಲಿ ಜನ. ಒಬ್ಬನಿಗೆ ಶಾಲೆಯ ಅಡ್ಮಿಶನ್, ಒಬ್ಬಳಿಗೆ ರೇಶನ್ ಕಾರ್ಡು, ಇನ್ನೊಬ್ಬರ ನಲ್ಲಿಯಲ್ಲಿ ನೀರಿಲ್ಲ. ನೀರು ಪಾಲಿಕೆಯ ಕೆಲಸ ಅಂದರೆ ಕೇಳುವವರು ಯಾರು? ಸಂಜೆ ಮದುವೆ, ಮಗುವಿನ ನಾಮಕರಣದ ಬಾರಸೆ, ಗಣಪತಿ ಮಂಡಳ. ಇಷ್ಟರಲ್ಲೇ ಐದು ವರ್ಷ ಮುಗಿಸಿದವರು ಬಹಳ ಮಂದಿ.

ನನ್ನ ಕಣ್ಣಿಗೆ ಆಮದಾರಿಕೆ ಇರುವುದು ನರಿಮನ್ ಪಾಯಿಂಟಿನ ವಿಧಾನ ಭವನದೊಳಗೆ. 288 ಮಂದಿಯ ನಡುವೆ ಎದ್ದು ಮಂತ್ರಿಯ ಬಾಯಿ ಬಿಡಿಸಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರ ಕೊಡಬೇಕು, ಅದರ ಮೇಲೆ ನೀನು ಉಪಪ್ರಶ್ನೆ ಹಾಕಬಹುದು. ಪ್ರಶ್ನೆ ಬರೆಯುವ ಧಾಟಿಯೇ ಬೇರೆ. ಪ್ರತಿ ಸಾಲಿನ ಕೊನೆಗೂ 'ಹೇ ಖರೇ ಆಹೇ ಕಾಯ್?' ಅಂತ ಮರಾಠಿಯಲ್ಲಿ ಕೇಳುತ್ತಾರೆ, ಇದು ನಿಜವೇ ಅಂತ. ಒಮ್ಮೆ ಒಂದು ಹಳ್ಳಿಯ ಹೆಸರನ್ನು ನಾನು ತಪ್ಪು ಟೈಪ್ ಮಾಡಿದ್ದೆ. ಬಂದ ಉತ್ತರ: 'ಹೇ ಖರೇ ನಾಹಿ', ಇದು ನಿಜವಲ್ಲ ಅಂತ. ಮುಗಿಯಿತು. ಆ ಹಳ್ಳಿಯ ಕಾಲುವೆಯ ಮಾತು ಅಲ್ಲಿಗೇ ನಿಂತಿತು. ಇವತ್ತಿಗೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಸೋಲಾಪುರ ಜಿಲ್ಲೆಯ ಸಾಂಗೋಲೆಯ ಗಣಪತರಾವ್ ದೇಶಮುಖರ ಹೆಸರು ಕೇಳಿದ್ದೀಯಲ್ವಾ? ಶೇತಕರಿ ಕಾಮಗಾರ್ ಪಕ್ಷ, ಅಂದರೆ ರೈತ ಕಾರ್ಮಿಕರ ಪಕ್ಷ, ಸಣ್ಣ ಪಕ್ಷ. 1962ರಲ್ಲಿ ಮೊದಲ ಸಲ ಗೆದ್ದರು, ಒಟ್ಟು 11 ಸಲ. ಜಾಸ್ತಿ ವರ್ಷ ಕೂತದ್ದು ವಿರೋಧ ಪಕ್ಷದ ಬೆಂಚಿನಲ್ಲಿ, ಓಡಾಡಿದ್ದು ಎಸ್‌ಟಿಯಲ್ಲಿ, ಅಂದರೆ ಸರಕಾರಿ ಬಸ್ಸಿನಲ್ಲಿ. ಅವರೂ ಎರಡು ಸಲ ಸೋತರು. ನೀನು ಸೋತ ವರ್ಷ ಮನೆಯ ಕಂತು ಯಾರು ಕಟ್ಟುತ್ತಾರೆ? ಅದಕ್ಕೇ ಹೇಳುವುದು, ಬ್ಯಾಂಕು ಈಗಲೇ ಬಿಡಬೇಡ. ನಿನ್ನ ಆಮದಾರರ ಕಾರಿನಲ್ಲಿ ಮುಂದಿನ ಸೀಟು ಸಿಕ್ಕಿದ್ದು ಒಂದು ಅರ್ಹತೆ ಅಂದುಕೊಳ್ಳಬೇಡ, ಸೀಟು ಆಗಾಗ ಬದಲಾಗುತ್ತದೆ.

ಈ ಭಾನುವಾರ ಊಟಕ್ಕೆ ಬಾ. ಅತ್ತೆ ಕೋರಿ ರೊಟ್ಟಿ ಮಾಡುತ್ತಾಳೆ. ಬರುವಾಗ ನಿಮ್ಮ ಡೊಂಬಿವಲಿಯದೇ ಒಂದು ಸಂಗತಿ ಹಿಡಿದು ಒಂದು ಪ್ರಶ್ನೆ ಬರೆದು ತಾ, ಮರಾಠಿಯಲ್ಲೇ. ಹೋಗಿ ನೋಡಿ ಬರೆ, ವಾಟ್ಸಾಪಿನಲ್ಲಿ ಬಂದದ್ದು ಬೇಡ. ಕೆಂಪು ಪೆನ್ನು ನನ್ನ ಹತ್ತಿರ ಇದೆ.

ನಿನ್ನ ಮಾವ