ಒಳಗೆ ತೊಳೆಯಬೇಡಿ, ನೋವು ನುಂಗಬೇಡಿ

ಮಾನ್ಯರೇ,

ಸ್ವ-ಆರೈಕೆಯ ಬಗ್ಗೆ ಬರೆಯುವವರು ಚರ್ಮ, ಕೂದಲು, ನಿದ್ದೆಗೆಲ್ಲ ಪುಟಗಟ್ಟಲೆ ಜಾಗ ಕೊಡುತ್ತಾರೆ. ಲೈಂಗಿಕ ಆರೋಗ್ಯದ ವಿಷಯ ಬಂದಾಗ ಮಾತ್ರ ‘ಶುಚಿಯಾಗಿರಿ’ ಎಂಬ ಒಂದೇ ಮಾತಿನಲ್ಲಿ ಕೈತೊಳೆದುಕೊಳ್ಳುತ್ತಾರೆ. ಮಿಲನದ ವೇಳೆ ಉರಿ, ನೋವು ಎಂದು ವೈದ್ಯರ ಬಳಿ ಬರುವವರಲ್ಲಿ ಅತಿಯಾಗಿ ತೊಳೆದೇ ತೊಂದರೆ ತಂದುಕೊಂಡವರೂ ಇರುತ್ತಾರೆ.

ಯೋನಿಯ ಒಳಭಾಗವನ್ನು ತೊಳೆಯುವ ಅಗತ್ಯವೇ ಇಲ್ಲ. ಅಲ್ಲಿನ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ; ಮುಟ್ಟು ನಿಲ್ಲದ ವಯಸ್ಸಿನಲ್ಲಿ ಒಳಗಿನ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಕಡಿಮೆಯಿದ್ದಷ್ಟೂ ಆಮ್ಲ ಹೆಚ್ಚು) ಸಾಮಾನ್ಯವಾಗಿ 3.8ರಿಂದ 4.5ರಷ್ಟಿರುತ್ತದೆ. ಮೈಸೋಪಿನದು 9–10. ಒಳಗೆ ಸೋಪು ಹಾಕಿದರೆ ಕಾವಲಿಗಿದ್ದ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ಹೆಚ್ಚುತ್ತವೆ, ವಾಸನೆ ಬರುತ್ತದೆ, ವಾಸನೆಗೆಂದು ಮತ್ತೆ ತೊಳೆಯುತ್ತಾರೆ. ಹೊರಗಿನ ಮಡಿಕೆಗಳನ್ನು ದಿನಕ್ಕೊಮ್ಮೆ ಬೆರಳಿನಿಂದ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒತ್ತಿ ಒರೆಸಿದರೆ ಸಾಕು. ಗಂಡಸರು ಮುಂದೊಗಲನ್ನು ಸುಲಭವಾಗಿ ಸರಿಯುವಷ್ಟೇ ಹಿಂದೆ ಸರಿಸಿ ತೊಳೆದು, ಒಣಗಿಸಿ, ಮರೆಯದೆ ಮುಂದಕ್ಕೆ ತರಬೇಕು. ಹಿಂದೆಯೇ ಬಿಟ್ಟರೆ ಬಾವು ಬಂದು ಸಿಕ್ಕಿಹಾಕಿಕೊಳ್ಳಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಇನ್ನು ಶುಷ್ಕತೆ. ಹಾಲುಣಿಸುವಾಗ, ಮುಟ್ಟು ನಿಂತ ಮೇಲೆ, ಅಲರ್ಜಿಯ ಕೆಲವು ಮಾತ್ರೆ ನುಂಗುವಾಗ ತೇವ ಕಡಿಮೆಯಾಗುತ್ತದೆ. ಅದನ್ನು ಮನಸ್ಸಿಲ್ಲದ್ದಕ್ಕೆ ಗುರುತೆಂದು ತಿಳಿಯುವ ಸಂಗಾತಿಗಳಿಗೆ ಲೆಕ್ಕವಿಲ್ಲ. ಲೂಬ್ರಿಕೆಂಟ್ ಜೆಲ್ ಬಳಸುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಅರ್ಧ ಚಮಚದಿಂದ ಶುರುಮಾಡಿ, ಇಬ್ಬರಿಗೂ ಹಚ್ಚಿ, ಬೇಕೆನಿಸಿದಾಗ ಮತ್ತೆ ಸೇರಿಸಿ. ನೀರಿನ ಆಧಾರದ ಜೆಲ್ ನಡುವೆ ಅಂಟಂಟಾದರೆ ಅದರಲ್ಲಿನ ನೀರು ಆರಿದೆ ಎಂದರ್ಥ. ಬೆರಳಿನಿಂದ ಎರಡು ಹನಿ ನೀರು ಸವರಿದರೆ ಮತ್ತೆ ಜಾರುತ್ತದೆ. ಸಿಲಿಕೋನ್ ಆಧಾರದ್ದು ಹೆಚ್ಚು ಹೊತ್ತು ಬಾಳುತ್ತದೆ, ಆದರೆ ಸಿಲಿಕೋನ್ ಸಾಧನಗಳ ಮೇಲ್ಮೈಯನ್ನು ಕೆಡಿಸಬಹುದು. ಎಣ್ಣೆ, ಬೇಬಿ ಆಯಿಲ್, ಪೆಟ್ರೋಲಿಯಂ ಜೆಲ್ಲಿಗಳು ಲ್ಯಾಟೆಕ್ಸ್ ಕಾಂಡೋಮ್ ಅನ್ನು ನಿಮಿಷಗಳಲ್ಲೇ ದುರ್ಬಲಗೊಳಿಸುತ್ತವೆ. ಕಾಂಡೋಮ್ ಹರಿದರೆ ಕಂಪನಿಯನ್ನು ಬೈಯುವ ಮೊದಲು ಹಚ್ಚಿದ್ದೇನೆಂದು ನೋಡಿಕೊಳ್ಳಿ.

ಜೆಲ್ ಹಚ್ಚಿದರೂ ಉರಿಯುತ್ತದೆಯೇ? ಡಬ್ಬಿಯ ಹಿಂಬದಿ ಓದಿ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಹೆಚ್ಚಿದ್ದಷ್ಟೂ ದ್ರವದ ಸಾಂದ್ರತೆ ಏರಿ, ಅದು ಒಳಪದರದ ಜೀವಕೋಶಗಳಿಂದ ನೀರು ಹೀರುತ್ತದೆ. ಈ ಸಾಂದ್ರತೆ, ಅಂದರೆ ಆಸ್ಮೊಲಾಲಿಟಿ, ಕೆಜಿಗೆ 380 ಮಿಲಿಆಸ್ಮೋಲ್ ದಾಟದಿದ್ದರೆ ಒಳ್ಳೆಯದು, 1200 ಮೀರಲೇಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ‘ಬಿಸಿ ಅನುಭವ’ದ, ಸುವಾಸನೆಯ ಜೆಲ್‌ಗಳನ್ನು ದೂರವಿಡಿ. ಮರಗಟ್ಟಿಸುವ ಜೆಲ್ ಇನ್ನೂ ಕೆಟ್ಟದ್ದು: ಗಾಯವಾಗುತ್ತಿದ್ದರೂ ಗೊತ್ತಾಗುವುದಿಲ್ಲ.

ಮುಟ್ಟು ನಿಂತವರಿಗೆ ಆ ಹೊತ್ತಿನ ಜೆಲ್ ಒಂದೇ ಸಾಲದು. ವಾರಕ್ಕೆ ಎರಡು-ಮೂರು ಸಲ, ಮಿಲನವಿರಲಿ ಬಿಡಲಿ, ಯೋನಿಗೆಂದೇ ತಯಾರಾದ ಮಾಯಿಶ್ಚರೈಸರ್ ಬಳಸಬೇಕು. ಮುಟ್ಟು ನಿಲ್ಲುವಾಗಿನ ಮೈ ಬಿಸಿಯೇರುವ ತೊಂದರೆ ಕಾಲ ಕಳೆದಂತೆ ತಾನಾಗಿ ತಗ್ಗುತ್ತದೆ; ಆದರೆ ಈ ಶುಷ್ಕತೆ ತಾನಾಗಿ ಹೋಗುವುದು ಅಪರೂಪ. ವೈದ್ಯರು ಬರೆದುಕೊಡುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಕೆಲಸ ಮಾಡಲು ಕೆಲವು ವಾರ ಬೇಕು. ನಾಲ್ಕು ದಿನ ಹಚ್ಚಿ ‘ಪ್ರಯೋಜನವಿಲ್ಲ’ ಎಂದು ಬಿಡುವುದೇ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ಹೇಳಬೇಕು.

ಮೂತ್ರ ತಡೆಯುವ ಸ್ನಾಯುವನ್ನು ಬಿಗಿದು ಬಿಡುವ ಕೆಗೆಲ್ ವ್ಯಾಯಾಮವನ್ನು ಎಲ್ಲರಿಗೂ ಹೇಳುವುದು ಈಗ ಫ್ಯಾಷನ್ ಆಗಿದೆ. ಕೆಮ್ಮಿದಾಗ ಮೂತ್ರ ಸೋರುವವರಿಗೆ ಅದು ಸರಿ. ಆದರೆ ಮಿಲನದ ವೇಳೆ ನೋವಿರುವ ಹಲವರಲ್ಲಿ ಶ್ರೋಣಿಯ, ಅಂದರೆ ಸೊಂಟದ ತಳದ, ಈ ಸ್ನಾಯು ಮೊದಲೇ ಬಿಗಿದಿರುತ್ತದೆ. ಮತ್ತಷ್ಟು ಬಿಗಿದರೆ ನೋವು ಹೆಚ್ಚುತ್ತದೆ. ಅವರು ಕಲಿಯಬೇಕಾದದ್ದು ಹೊಟ್ಟೆ ಉಬ್ಬುವಂತೆ ಉಸಿರೆಳೆದು ಆ ಸ್ನಾಯುವನ್ನು ಸಡಿಲಬಿಡುವುದನ್ನು.

ವೈದ್ಯರ ಬಳಿ ಹೋದಾಗ ‘ನೋವು’ ಎಂದಷ್ಟೇ ಹೇಳಬೇಡಿ. ಯೋನಿಯ ಬಾಯಿಯಲ್ಲಿ ನೋವೇ, ಆಳದಲ್ಲೇ ಎಂದು ಹೇಳಿ. ಬಾಯಿಯ ನೋವಾದರೆ ಶುಷ್ಕತೆ, ಚರ್ಮದ ತೊಂದರೆ, ಸ್ನಾಯುಬಿಗಿತ ಹುಡುಕುತ್ತಾರೆ; ಆಳದ್ದಾದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವುದು), ಅಂಡಾಶಯದ ಗಂಟು, ಸೋಂಕು. ಮಿಲನದ ನಂತರ ರಕ್ತ ಕಂಡರೆ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ, ಜೆಲ್ ಪ್ರಯೋಗ ಬದಿಗಿಟ್ಟು ಆ ವಾರವೇ ತೋರಿಸಿ.

– ಸ್ತ್ರೀರೋಗ ತಜ್ಞೆ