10.86 ಬಂದವರಿಗೂ ಅಂಕ ಸಿಗಲಿ

ಮಾನ್ಯ ಸಂಪಾದಕರೇ,

ಹೈಸ್ಕೂಲಿನಲ್ಲಿ ಬಾಯಿಪಾಠ, ಕಾಲೇಜಿನಲ್ಲಿ ಚಿಂತನೆ ಎಂಬ ಮಾತು ರೂಢಿಯಲ್ಲಿದೆ. ನಿಜವೇ ಎಂದು ನೋಡಲು ಸರಳ ಲೋಲಕದ ಪ್ರಯೋಗ ಸಾಕು. ಅದು ಎರಡೂ ಕಡೆ ಇದೆ.

ಹೈಸ್ಕೂಲಿನಲ್ಲಿ ಹೇಳುವುದು ಇಷ್ಟೆ: ಒಂದು ಮೀಟರ್ ದಾರಕ್ಕೆ ಗುಂಡು ಕಟ್ಟಿ, ತುಸುವೇ ಸರಿಸಿ ಬಿಡಿ, 20 ಆಂದೋಲನಗಳ (ಹೋಗಿ ಮರಳಿ ಬಂದರೆ ಒಂದು) ಕಾಲ ಅಳೆದು 20ರಿಂದ ಭಾಗಿಸಿ. ಒಂದು ಆಂದೋಲನದ ಅವಧಿ ಸುಮಾರು 2 ಸೆಕೆಂಡ್ ಬರುತ್ತದೆ. ಆ ವಯಸ್ಸಿಗೆ ಇದು ತಪ್ಪಲ್ಲ. ಅಳತೆ ಕೈಗೆ ಪಳಗದೆ, ಸೂತ್ರ ತಲೆಯಲ್ಲಿ ನಿಲ್ಲದೆ ಮುಂದಿನ ಪ್ರಶ್ನೆ ಹುಟ್ಟುವುದೇ ಇಲ್ಲ. ಬಾಯಿಪಾಠವನ್ನು ಹಳಿಯುವವರು ಇದನ್ನು ಮರೆಯುತ್ತಾರೆ. ಕೊರತೆ ಇರುವುದು, 20 ಏಕೆ ಎಂದು ಯಾರೂ ಕೇಳದಿರುವುದರಲ್ಲಿ. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡ್ ಹಿಂದುಮುಂದಾಯಿತು ಎನ್ನಿ. ಒಂದೇ ಆಂದೋಲನ ಅಳೆದರೆ ಅದು ಶೇ 10ರಷ್ಟು ದೋಷ, 20 ಅಳೆದರೆ ಶೇ 0.5. ಈ ಲೆಕ್ಕ ಒಂಬತ್ತನೇ ತರಗತಿಗೆ ಭಾರವೇನಲ್ಲ.

ಕಾಲೇಜಿನಲ್ಲಿ ಅದೇ ಲೋಲಕದಿಂದ ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದನ್ನು ಕಂಡುಹಿಡಿಯಬೇಕು. ಒಬ್ಬರಿಗೆ 9.8ರ ಬದಲು 10.86 ಬಂತು ಎಂದಿಟ್ಟುಕೊಳ್ಳಿ. ಪಕ್ಕದವರ ರೆಕಾರ್ಡ್ ನೋಡಿ ರೀಡಿಂಗ್ ತಿದ್ದುತ್ತಾರೆ, ಇಲ್ಲವೇ 'ಗಾಳಿಯ ಘರ್ಷಣೆ, ಮಾನವ ದೋಷ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಪಾಠ ಶುರುವಾಗಬೇಕಿದ್ದ ಜಾಗದಲ್ಲೇ ಮುಗಿದುಹೋಗುತ್ತದೆ.

ದೋಷಕ್ಕೆ ಗಾತ್ರವೂ ಇದೆ, ದಿಕ್ಕೂ ಇದೆ. ಸೂತ್ರದ ಪ್ರಕಾರ ದಾರದ ಉದ್ದ ಹೆಚ್ಚಿದಷ್ಟೂ ಉತ್ತರ ಏರುತ್ತದೆ, ಅವಧಿಯ ವರ್ಗ ಹೆಚ್ಚಿದಷ್ಟೂ ಇಳಿಯುತ್ತದೆ. ದಾರವನ್ನು ಗುಂಡಿನ ನಡುವಿನವರೆಗೆ ಅಳೆಯುವ ಬದಲು ತಳದವರೆಗೆ ಅಳೆದರೇ? 2 ಸೆಂ.ಮೀ. ವ್ಯಾಸದ ಗುಂಡಾದರೆ ಉದ್ದ 1 ಸೆಂ.ಮೀ. ಹೆಚ್ಚುತ್ತದೆ, ಉತ್ತರ 9.9ರ ಹತ್ತಿರ ಬರುತ್ತದೆ, ಅದರಾಚೆಗಲ್ಲ. ಗುಂಡನ್ನು ತೀರಾ ದೂರ ಎಳೆದು ಬಿಟ್ಟರೇ? 60 ಡಿಗ್ರಿಯಲ್ಲಿ ಅವಧಿ ಶೇ 7ರಷ್ಟು ಹಿಗ್ಗುತ್ತದೆ. ಆಗ ಉತ್ತರ ಇಳಿಯಬೇಕು, ಏರಬಾರದು. ಗಾಳಿಯ ಪರಿಣಾಮ ಇಷ್ಟು ದೊಡ್ಡದಲ್ಲ, ಅದೂ ಅವಧಿಯನ್ನು ಹಿಗ್ಗಿಸುವ ಕಡೆಗೇ. ಇನ್ನುಳಿದದ್ದು ಎಣಿಕೆ. ಸ್ಟಾಪ್‌ವಾಚ್ ಒತ್ತುವಾಗ 'ಸೊನ್ನೆ' ಎನ್ನದೆ 'ಒಂದು' ಎಂದರೆ, 'ಇಪ್ಪತ್ತು' ಎನ್ನುವ ಹೊತ್ತಿಗೆ ಆಗಿರುವುದು 19 ಆಂದೋಲನ. ಆ ಕಾಲವನ್ನು 20ರಿಂದ ಭಾಗಿಸಿದರೆ ಅವಧಿ ಕುಗ್ಗಿ ಉತ್ತರ ಏರುತ್ತದೆ. 20ನ್ನು 19ರಿಂದ ಭಾಗಿಸಿ ವರ್ಗ ಮಾಡಿದರೆ 1.108. ಅದನ್ನು 9.8ರಿಂದ ಗುಣಿಸಿ ನೋಡಿ.

ಕಾಲೇಜು ಕಲಿಸಬೇಕಾದದ್ದು ಈ ಪತ್ತೇದಾರಿಯನ್ನು. ಆದರೆ ಅಂಕ ಇರುವುದು 9.8ಕ್ಕೆ, ಹಾಗಾಗಿ ಕಾಲೇಜಿನ ಪ್ರಯೋಗಾಲಯ ಬಹುಮಟ್ಟಿಗೆ ಹೈಸ್ಕೂಲಿನದೇ ಮುಂದುವರಿಕೆ, ಸೂತ್ರ ಮಾತ್ರ ಉದ್ದ. ಇತಿಹಾಸದಲ್ಲೂ ಇದೇ ಕಥೆ: ಯುದ್ಧಕ್ಕೆ ಐದು ಕಾರಣ ಪಟ್ಟಿ ಮಾಡಿದವರಿಗೆ ಪೂರ್ಣಾಂಕ, ಆ ಐದರಲ್ಲಿ ಯಾವುದು ಇಲ್ಲದೆಯೂ ಯುದ್ಧ ನಡೆಯುತ್ತಿತ್ತು ಎಂದು ಕೇಳುವವರಿಲ್ಲ.

ತಿದ್ದುವುದು ಕಷ್ಟವಲ್ಲ. ರೀಡಿಂಗ್‌ಗಳನ್ನು ಪೆನ್ಸಿಲ್ಲಿನಲ್ಲಿ ಬೇಡ, ಪೆನ್ನಿನಲ್ಲೇ ಬರೆಸಿ. ಉತ್ತರ ತಪ್ಪಿದರೆ ಮೂರು ಅನುಮಾನ ಬರೆಯಲಿ, ಪ್ರತಿಯೊಂದಕ್ಕೂ ಗಾತ್ರ ಮತ್ತು ದಿಕ್ಕು ಹಾಕಲಿ, ಒಂದನ್ನಾದರೂ ಮತ್ತೆ ಅಳೆದು ಪರೀಕ್ಷಿಸಲಿ. ಹತ್ತು ಅಂಕದಲ್ಲಿ ಆರು ಇದಕ್ಕೇ ಇರಲಿ. ವೈವಾದಲ್ಲಿ ಪ್ರಶ್ನೆ ಕೇಳಿದ ಮೇಲೆ ತುಸು ಸುಮ್ಮನಿರುವುದೂ ಮುಖ್ಯ. ತರಗತಿಗಳಲ್ಲಿ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸುಮಾರು ಒಂದೇ ಸೆಕೆಂಡ್ ಎಂದೂ, ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಮೌನ ಕೇಳುವವರಿಗೇ ಹೆಚ್ಚು ಕಷ್ಟ!

ಖರ್ಚು ಇರುವುದು ಸಮಯದ್ದು. ಇಂಥ ರೆಕಾರ್ಡ್ ಒಂದನ್ನು ಓದಲು ಐದು ನಿಮಿಷ ಹೆಚ್ಚು ಹಿಡಿದರೆ, 60 ವಿದ್ಯಾರ್ಥಿಗಳಿಗೆ ಐದು ಗಂಟೆ. ವೇಳಾಪಟ್ಟಿ ಮಾಡುವವರು ಮೊದಲು ಆ ಐದು ಗಂಟೆಗೆ ಜಾಗ ಮಾಡಿಕೊಡಲಿ.

– ಭೌತವಿಜ್ಞಾನದ ಅಧ್ಯಾಪಕರು