ಕೊಲಂಬಸ್ ರಜೆಯ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಇಲ್ಲಿ ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ, "ಜನರನ್ನು ಗುಲಾಮರಾಗಿ ಮಾರಿದವನ ಹೆಸರಿನಲ್ಲಿ ನಿಮ್ಮ ಅಮೆರಿಕದಲ್ಲಿ ಇನ್ನೂ ರಜೆ ಕೊಡುತ್ತಾರೆಯೇ?" ಎಂದು ಕೇಳಿದೆಯಲ್ಲ, ಅದಕ್ಕೆ ಅವಸರದಲ್ಲಿ ಉತ್ತರ ಹೇಳಿ ಮುಗಿಸಲು ಮನಸ್ಸಾಗಲಿಲ್ಲ.

ನೀನು ಹೇಳಿದ್ದು ನಿಜ. 1492ರ ಅಕ್ಟೋಬರ್ 12ರಂದು ಬಹಾಮಾಸ್‌ನ ದ್ವೀಪವೊಂದರಲ್ಲಿ ಅಲ್ಲಿನ ಮೂಲನಿವಾಸಿಗಳಾದ ತಾಯಿನೋ ಜನ ಗಿಳಿಗಳನ್ನೂ ಹತ್ತಿ ನೂಲಿನ ಉಂಡೆಗಳನ್ನೂ ತಂದು ಕೊಲಂಬಸ್‌ನನ್ನು ಎದುರುಗೊಂಡರು. ಎರಡೇ ದಿನಗಳಲ್ಲಿ ಅವನು ತನ್ನ ದಿನಚರಿಯಲ್ಲಿ, ಐವತ್ತು ಆಳುಗಳಿದ್ದರೆ ಇವರನ್ನೆಲ್ಲ ಹತೋಟಿಗೆ ತಂದು ಹೇಳಿದಂತೆ ಕೇಳಿಸಬಹುದು ಎಂಬರ್ಥದ ಮಾತು ಬರೆದ. 1495ರಲ್ಲಿ ಸುಮಾರು 500 ಮಂದಿಯನ್ನು ಮಾರಾಟಕ್ಕೆಂದು ಸ್ಪೇನಿಗೆ ಸಾಗಿಸಿದ. ಎಷ್ಟೋ ಜನ ದಾರಿಯಲ್ಲೇ ಸತ್ತರು. ಇದನ್ನು ಮುಚ್ಚಿಟ್ಟು ಆಚರಿಸುವುದಾದರೆ ಆ ದಿನ ನನಗೂ ಬೇಡ.

ಆದರೆ ಈ ರಜೆಯನ್ನು ಕೇಳಿ ಪಡೆದವರು ಯಾರೆಂದು ನೋಡು. 1891ರ ಮಾರ್ಚ್ 14ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಉದ್ರಿಕ್ತ ಗುಂಪೊಂದು ಸೆರೆಮನೆಗೆ ನುಗ್ಗಿ ಇಟಲಿ ಮೂಲದ 11 ಜನರನ್ನು ಕೊಂದಿತು. ಪೊಲೀಸ್ ಮುಖ್ಯಸ್ಥನ ಕೊಲೆಯ ಆರೋಪ ಅವರ ಮೇಲಿತ್ತು. ವಿಚಾರಣೆಗೆ ನಿಂತವರಲ್ಲಿ ಒಬ್ಬನ ಮೇಲೂ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಿರಲಿಲ್ಲ. ಮರುವರ್ಷವೇ ಅಧ್ಯಕ್ಷ ಹ್ಯಾರಿಸನ್ ಕೊಲಂಬಸ್ ಯಾನದ ನಾನೂರನೆಯ ವರ್ಷವನ್ನು ಆಚರಿಸುವಂತೆ ದೇಶಕ್ಕೆ ಕರೆ ಕೊಟ್ಟ. ನ್ಯೂಯಾರ್ಕಿನ ಇಟಾಲಿಯನ್ನರು ಚಂದಾ ಎತ್ತಿ ಕೊಲಂಬಸ್ ಸರ್ಕಲ್‌ನ ಪ್ರತಿಮೆ ನಿಲ್ಲಿಸಿದರು. ಊರವರು ಹತ್ತಿರ ಸೇರಿಸದ ಕೂಲಿಕಾರರು ಇಟಲಿಯ ಜಿನೋವಾದ ನಾವಿಕನೊಬ್ಬನನ್ನು ಮುಂದಿಟ್ಟುಕೊಂಡು, ಈ ದೇಶದ ಕಥೆ ನಮ್ಮವನಿಂದಲೇ ಶುರುವಾಯಿತು ಎಂದು ಎದೆಯೆತ್ತಿ ಹೇಳಿದರು. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನನಗೆ ಅವರ ಹಂಬಲ ಚೆನ್ನಾಗಿ ಅರ್ಥವಾಗುತ್ತದೆ. 1907ರಲ್ಲಿ ಕೊಲೊರಾಡೊ ರಾಜ್ಯ ರಜೆ ಕೊಟ್ಟಿತು. 1971ರಿಂದ ಅಕ್ಟೋಬರ್‌ನ ಎರಡನೆಯ ಸೋಮವಾರ ಕೇಂದ್ರ ಸರ್ಕಾರದ ರಜೆ.

ಇನ್ನು ಆ ಯಾನ. ಅವನು ನೇರ ಪಶ್ಚಿಮಕ್ಕೆ ಹೊರಡಲಿಲ್ಲ. ಮೊದಲು ದಕ್ಷಿಣಕ್ಕೆ ಕ್ಯಾನರಿ ದ್ವೀಪಗಳಿಗೆ ಇಳಿದ. ಅಲ್ಲಿಂದ ಮೂಡಣ ಗಾಳಿ ಬೆನ್ನಿಗೆ ಬೀಸುತ್ತದೆ. ಸೆಪ್ಟೆಂಬರ್ 6ರಂದು ಅಲ್ಲಿನ ಗೊಮೆರಾ ದ್ವೀಪ ಬಿಟ್ಟ ಮೂರು ಹಡಗುಗಳಿಗೆ ಮುಂದೆ ಬರಿಯ ನೀರು. ದಿನಗಟ್ಟಲೆ ಒಂದೇ ದಿಕ್ಕಿಗೆ ಬೀಸುವ ಗಾಳಿ ನೋಡಿ, ಊರಿಗೆ ಮರಳುವುದು ಹೇಗೆ ಎಂದು ಆಳುಗಳು ಕಂಗಾಲಾದರು. ಅಕ್ಟೋಬರ್ 7ರಂದು ಹಕ್ಕಿಗಳ ಹಿಂಡು ನೈಋತ್ಯಕ್ಕೆ ಹಾರುವುದು ಕಂಡು ಅವನು ಅತ್ತಲೇ ಹಡಗು ತಿರುಗಿಸಿದ. ಐದನೆಯ ದಿನ, ನಸುಕಿನ ಎರಡು ಗಂಟೆಗೆ, ಪಿಂಟಾ ಹಡಗಿನ ಕಾವಲಿನವನು ನೆಲ ಕಂಡೆನೆಂದು ಕೂಗಿದ. ಮರಳುವಾಗ ಉತ್ತರಕ್ಕೆ ಏರಿ ಪಡುವಣ ಗಾಳಿ ಹಿಡಿದ. ಮುಂದೆ ಶತಮಾನಗಳ ಕಾಲ ಹಾಯಿಹಡಗುಗಳು ಓಡಾಡಿದ್ದು ಈ ಸುತ್ತುದಾರಿಯಲ್ಲೇ. ಆ ಲೆಕ್ಕಾಚಾರಕ್ಕೂ ಎದೆಗಾರಿಕೆಗೂ ನಾನು ತಲೆಬಾಗುತ್ತೇನೆ. ಆ ದ್ವೀಪಗಳಲ್ಲಿ ಅವನು ನಡೆಸಿದ ಆಡಳಿತಕ್ಕೆ ಖಂಡಿತ ಅಲ್ಲ. (ನೀನು ಇಷ್ಟಪಡುವ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಮೆರಿಕವೇ. ಆ ಸಮುದ್ರದ ದಾರಿ ತೆರೆದ ಮೇಲೆಯೇ ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಬಂದದ್ದು.)

1992ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ ಈ ದಿನವನ್ನು ಮೂಲನಿವಾಸಿಗಳ ದಿನವೆಂದು ಆಚರಿಸಿತು. ನ್ಯೂಯಾರ್ಕ್ ನಗರದ ಶಾಲೆಗಳ ಪಂಚಾಂಗದಲ್ಲಿ 2021ರಿಂದ ಇಟಾಲಿಯನ್ ಪರಂಪರೆ ಮತ್ತು ಮೂಲನಿವಾಸಿಗಳು ಎರಡೂ ಒಂದೇ ದಿನಕ್ಕೆ ಸೇರಿವೆ. ನನಗಿದು ಸರಿ ಎನಿಸುತ್ತದೆ. ರಜೆ ತೆಗೆದುಹಾಕಿದ್ದರೆ ತಾಯಿನೋ ಜನರ ಪಾಡನ್ನು ನಾವು ವರ್ಷಕ್ಕೊಮ್ಮೆಯಾದರೂ ಮಾತಾಡುತ್ತಿದ್ದೆವೇ? ಇಟಾಲಿಯನ್ನರ ನೋವನ್ನೂ ಮರೆಯುವಂತಿಲ್ಲ: ನ್ಯೂ ಆರ್ಲಿಯನ್ಸ್ ಮೇಯರ್ ಆ 11 ಜನರ ಕೊಲೆಗೆ ಕ್ಷಮೆ ಕೇಳಿದ್ದು 2019ರಲ್ಲಿ!

ಮುಂದಿನ ಅಕ್ಟೋಬರ್‌ನಲ್ಲಿ ಬರುತ್ತೇನೆ ಎಂದಿದ್ದೀಯಲ್ಲ, ಎರಡನೆಯ ಸೋಮವಾರ ಇಲ್ಲಿರುವಂತೆ ಟಿಕೆಟ್ ತೆಗೆಸು. ಫಿಫ್ತ್ ಅವೆನ್ಯೂದಲ್ಲಿ ಇಟಾಲಿಯನ್ನರ ಮೆರವಣಿಗೆ ನೋಡೋಣ. ನಿನಗೆ ಇನ್ನೂ ಸಿಟ್ಟಿದ್ದರೆ ಅಲ್ಲೇ ರಸ್ತೆಬದಿಯಲ್ಲಿ ನಿಂತು ಜಗಳವಾಡೋಣ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ